ಅಮ್ಮನಿಗ್ಯಾಕೆ ಸೂಜಿ?

ನೆಗಡಿಗೆ ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮಾತು ಸುಳ್ಳಲ್ಲ. ಆದರೆ ಆ ಮಾತನ್ನು ನೆಗಡಿಗಷ್ಟೇ ಬಿಡದೆ ಫ್ಲೂ ಜ್ವರಕ್ಕೂ ಎಳೆದು ತಂದಿದ್ದೇವಲ್ಲ, ನನ್ನ ಜಗಳ ಇರುವುದು ಅಲ್ಲಿ. ಫ್ಲೂ ಲಸಿಕೆಯ ವಿಚಾರ ಎತ್ತಿದರೆ ಸಾಕು, "ಅಯ್ಯೋ, ಬರೀ ನೆಗಡಿ-ಜ್ವರಕ್ಕೆ ಅಷ್ಟು ದುಡ್ಡು ಕೊಟ್ಟು ಸೂಜಿ ಚುಚ್ಚಿಸಿಕೊಳ್ಳಬೇಕಾ?" ಎನ್ನುವವರು ಒಂದು ಕಡೆ. "ಮನೆಮಂದಿಗೆಲ್ಲ ಹಾಕಿಸಿ, ವರ್ಷಪೂರ್ತಿ ನಿಶ್ಚಿಂತೆ" ಎಂದು ಬೋರ್ಡು ತಗುಲಿಹಾಕುವವರು ಇನ್ನೊಂದು ಕಡೆ. ಇಬ್ಬರ ಮಾತೂ ಅರ್ಧ ನಿಜ, ಅರ್ಧ ಸುಳ್ಳು. ಈ ಇಬ್ಬರ ನಡುವೆ, ನಿಜವಾಗಿ ಆ ಸೂಜಿ ಯಾರಿಗೆ ಬೇಕೋ ಅವಳು ಒಲೆಯ ಮುಂದೆ ನಿಂತು ಎಲ್ಲರಿಗೂ ಕಷಾಯ ಕಾಯಿಸುತ್ತಿದ್ದಾಳೆ.

ಮೊದಲು ಈ ನೆಗಡಿ-ಫ್ಲೂ ಗೊಂದಲ ಬಿಡಿಸೋಣ. ನೆಗಡಿ ನಿಧಾನಕ್ಕೆ ಬರುತ್ತದೆ. ಮೂಗು ಸೊರಸೊರ ಎನ್ನುತ್ತಿದ್ದರೂ ನಾವು ಚಪಾತಿ ಲಟ್ಟಿಸುತ್ತೇವೆ, ಆಫೀಸಿನ ಬಸ್ಸು ಹಿಡಿಯುತ್ತೇವೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಓಡಾಡಿಕೊಂಡಿದ್ದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ. ಚಳಿ, ಏರುಜ್ವರ, ಮೈಕೈ ಮುರಿದು ಹಾಕಿದಂಥ ನೋವು, ಎದೆ ಕಿತ್ತು ಬರುವಂಥ ಒಣಕೆಮ್ಮು. ಗಟ್ಟಿಮುಟ್ಟಾದವರು ವಾರದಲ್ಲಿ ಎದ್ದು ಕೂರುತ್ತಾರೆ, ನಿಶ್ಶಕ್ತಿ ಮಾತ್ರ ಹದಿನೈದು ದಿನ ಬಿಡುವುದಿಲ್ಲ. ಏಳದೆಯೇ ಹೋದವರೂ ಇದ್ದಾರೆ. 1918ರಲ್ಲಿ ಇದೇ ಇನ್‌ಫ್ಲುಯೆಂಜಾ ನಮ್ಮ ದೇಶವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದಿತು. ಅದು ಅಜ್ಜಿಯ ಕಾಲದ ಕಥೆ ಎನ್ನುತ್ತೀರಾ? ಹಾಗಾದರೆ ನಮ್ಮ ಕಾಲದ್ದೇ ಕೇಳಿ. 2009ರಲ್ಲಿ 'ಹಂದಿಜ್ವರ' ಎಂಬ ಹೆಸರಿನಲ್ಲಿ ಬಂದ ಎಚ್1ಎನ್1 ಎಂಬ ವೈರಾಣು 2015ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 3,000 ಜನರನ್ನು ಬಲಿ ತೆಗೆದುಕೊಂಡಿತು. ಪರೀಕ್ಷೆಯಲ್ಲಿ ರೋಗ ಖಚಿತವಾದವರೇ 42,000ಕ್ಕೂ ಹೆಚ್ಚು. ಇದು ಸರ್ಕಾರದ ಪುಸ್ತಕಕ್ಕೆ ಬಂದ ಲೆಕ್ಕ. ಪರೀಕ್ಷೆಯನ್ನೇ ಮಾಡಿಸದೆ 'ಯಾವುದೋ ಜ್ವರ'ದಲ್ಲಿ ಹೋದವರನ್ನು ಎಣಿಸಿದವರು ಯಾರು? 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಇನ್ನೊಂದು ಬಗೆ ಹಾಸನ ಜಿಲ್ಲೆಯ ವೃದ್ಧರೊಬ್ಬರನ್ನು ತೆಗೆದುಕೊಂಡು ಹೋದಾಗ ಎರಡು ದಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮೂರನೆಯ ದಿನ ಎಲ್ಲರೂ ಮರೆತರು.

ನನಗೆ ಮರೆಯಲಾಗುವುದಿಲ್ಲ. ಆ 2015ರ ಫೆಬ್ರುವರಿಯಲ್ಲಿ ನಮ್ಮ ಬೀದಿಯ ಸೊಸೆಯೊಬ್ಬಳು, ಏಳು ತಿಂಗಳ ಬಸುರಿ, ಇದೇ ಜ್ವರದಲ್ಲಿ ಮಲಗಿದಳು. ಮೊದಲು ಜ್ವರ ಬಂದದ್ದು ಶಾಲೆಗೆ ಹೋಗುವ ದೊಡ್ಡ ಮಗನಿಗೆ. ಅವನ ಹಣೆಗೆ ತಣ್ಣೀರು ಬಟ್ಟೆ ಹಾಕಿ, ಗಂಜಿ ಕುಡಿಸಿ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡವಳು ಅವಳೇ. ಆಮೇಲೆ ಗಂಡನಿಗೆ ಬಂತು, ಅವನನ್ನೂ ನೋಡಿಕೊಂಡಳು. ತನಗೆ ಬಂದಾಗ "ಇವರಿಗೆಲ್ಲ ವಾಸಿಯಾಯಿತಲ್ಲ, ನನಗೂ ಆಗುತ್ತೆ" ಎಂದು ಮೆಣಸಿನ ಸಾರು ಕುಡಿದು ಕೆಲಸ ಮಾಡಿದಳು. ಐದನೆಯ ದಿನ ಉಸಿರಾಡಲಾಗದೆ ತುಟಿ ನೀಲಿಗಟ್ಟಿತ್ತು. ಹನ್ನೊಂದು ದಿನ ವೆಂಟಿಲೇಟರ್. ಮಗುವನ್ನು ಅವಧಿಗೆ ಮುಂಚೆಯೇ ಹೊಟ್ಟೆ ಕೊಯ್ದು ತೆಗೆದರು. ಅದು ತಿಂಗಳುಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿ-ಮಗು ಇಬ್ಬರೂ ಉಳಿದರು. ಕೊಂಡಿದ್ದ ಒಂದು ಸೈಟು ಹೋಯಿತು. ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ ಮೆಟ್ಟಿಲು ಹತ್ತಲಾರದೆ ಮನೆಯಲ್ಲೇ ಉಳಿದಳು. ನನ್ನನ್ನು ಇಂದಿಗೂ ಕುದಿಸುವುದು ಇದಲ್ಲ. ಏಳು ತಿಂಗಳು ಅವಳು ತಪ್ಪದೆ ತಪಾಸಣೆಗೆ ಹೋಗಿದ್ದಳು. ಧನುರ್ವಾಯುವಿನ ಸೂಜಿ ಹಾಕಿದ್ದರು, ಕಬ್ಬಿಣದ ಮಾತ್ರೆ ಕೊಟ್ಟಿದ್ದರು, ಸ್ಕ್ಯಾನಿಂಗ್ ಮಾಡಿಸಿದ್ದರು. ಫ್ಲೂ ಲಸಿಕೆ ಎಂಬ ಮಾತನ್ನು ಒಬ್ಬರೂ ಆಡಿರಲಿಲ್ಲ. "ಹೇಳಿದ್ದರೆ ಹಾಕಿಸುತ್ತಿದ್ದೆವಲ್ಲ ಅಕ್ಕಾ" ಎಂದು ಅವಳ ಗಂಡ ಆಸ್ಪತ್ರೆಯ ಜಗುಲಿಯಲ್ಲಿ ಕೂತು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಸೂಜಿ ಹಾಕಿಸಿದ್ದರೆ ಅವಳಿಗೆ ಜ್ವರ ಬರುತ್ತಲೇ ಇರಲಿಲ್ಲ ಎಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಹೇಳಬೇಕಾದವರು ಹೇಳದೆ ಇರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬಸುರಿಗೆ ಫ್ಲೂ ಅಪಾಯ ಎಂಬುದು ಹೊಸ ವಿಷಯವೇನಲ್ಲ. ಹೊಟ್ಟೆ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ, ದೇಹದ ರೋಗನಿರೋಧಕ ಶಕ್ತಿಯ ರೀತಿಯೇ ಬದಲಾಗುತ್ತದೆ. 2012ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ಫ್ಲೂ ಲಸಿಕೆ ಹಾಕುವ ದೇಶಗಳು ಎಲ್ಲರಿಗಿಂತ ಮೊದಲು ಗರ್ಭಿಣಿಯರಿಗೆ ಹಾಕಬೇಕೆಂದು ಹೇಳಿತ್ತು. ಇನ್ನೊಂದು ಮಾತು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕುವಂತಿಲ್ಲ. ಅದಕ್ಕಿರುವ ರಕ್ಷಣೆ ತಾಯಿಯ ರಕ್ತದಿಂದ ಇಳಿದು ಬಂದದ್ದಷ್ಟೇ. ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ 2004-05ರಲ್ಲಿ 340 ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಯಿತು. ಫ್ಲೂ ಲಸಿಕೆ ಹಾಕಿಸಿಕೊಂಡ ತಾಯಂದಿರ ಕೂಸುಗಳಲ್ಲಿ ಮೊದಲ ಆರು ತಿಂಗಳು ಫ್ಲೂ ಶೇಕಡಾ 63ರಷ್ಟು ಕಡಿಮೆ ಕಂಡಿತು. ಎರಡು ಜೀವಕ್ಕೆ ಒಂದೇ ಸೂಜಿ. ಇದಕ್ಕಿಂತ ಒಳ್ಳೆಯ ಲೆಕ್ಕವನ್ನು ನಮ್ಮ ಯಾವ ಜಾಣ ಗೃಹಿಣಿ ಹಾಕಿಯಾಳು?

ಇನ್ನು ಬೋರ್ಡು ಹಾಕುವವರ ಕಡೆಗೆ ಬರೋಣ. ಅವರು ಹೇಳದೆ ಬಿಡುವುದನ್ನು ನಾನು ಹೇಳುತ್ತೇನೆ. ಈ ಲಸಿಕೆ ಪೋಲಿಯೋ, ದಡಾರದ ಲಸಿಕೆಯಂತೆ ಗಟ್ಟಿ ಕೋಟೆಯಲ್ಲ. ಹೊಂದಿಕೆ ಚೆನ್ನಾಗಿ ಕೂಡಿಬಂದ ವರ್ಷ ಅದು ಫ್ಲೂವನ್ನು ಶೇಕಡಾ 40ರಿಂದ 60ರಷ್ಟು ತಡೆಯುತ್ತದೆ. ಹೊಂದಿಕೆ ತಪ್ಪಿದ 2014-15ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅದು ತಡೆದದ್ದು ಶೇಕಡಾ 19 ಮಾತ್ರ. ಎಲ್ಲ ಅಧ್ಯಯನಗಳನ್ನೂ ಜರಡಿ ಹಿಡಿಯುವ ಕಾಕ್ರೇನ್ ಎಂಬ ಸಂಸ್ಥೆ 2018ರಲ್ಲಿ ಕೊಟ್ಟ ಲೆಕ್ಕದಂತೆ, ಆರೋಗ್ಯವಂತ ವಯಸ್ಕರಲ್ಲಿ ಒಬ್ಬರಿಗೆ ಫ್ಲೂ ತಪ್ಪಿಸಲು 71 ಜನರಿಗೆ ಲಸಿಕೆ ಹಾಕಬೇಕು. ಅರವತ್ತೈದು ದಾಟಿದವರಲ್ಲಾದರೆ 30 ಜನರಿಗೆ. ಆದ್ದರಿಂದ "ಹಾಕಿಸಿಕೊಂಡರೂ ನನಗೆ ಬಂತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮೂವತ್ತೈದರ, ಯಾವ ಕಾಯಿಲೆಯೂ ಇಲ್ಲದ ಹೆಂಗಸು ಸಾಲ ಮಾಡಿ ಈ ಸೂಜಿ ಹಾಕಿಸಿಕೊಳ್ಳಬೇಕಾಗಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಗಾದರೆ ಲಸಿಕೆ ದಂಡವೇ? ಇಲ್ಲಿಯೇ ಮೂಗು ಮುರಿಯುವವರ ಲೆಕ್ಕ ತಪ್ಪುವುದು. ಅವರು ಎಣಿಸುವುದು ಜ್ವರವನ್ನು ಮಾತ್ರ. ಜ್ವರದ ಹಿಂದೆ ಬರುವುದನ್ನು ಎಣಿಸುವುದಿಲ್ಲ. ಫ್ಲೂ ಬಂದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಹೆಚ್ಚುತ್ತದೆಂದು ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿತು. 2021ರಲ್ಲಿ ಸ್ವೀಡನ್ನಿನ ವೈದ್ಯರ ಮುಂದಾಳತ್ವದಲ್ಲಿ ಎಂಟು ದೇಶಗಳ ಅಧ್ಯಯನ ಹೊರಬಂತು. ಅದರಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಿಗೆ ಅಲ್ಲೇ ಫ್ಲೂ ಲಸಿಕೆ ಕೊಟ್ಟು ನೋಡಿದರು. ಒಂದು ವರ್ಷದೊಳಗೆ ಸಾವು, ಮತ್ತೆ ಹೃದಯಾಘಾತ, ಇಲ್ಲವೇ ಸ್ಟೆಂಟ್ ಕಟ್ಟಿಕೊಳ್ಳುವುದು ನೂರಕ್ಕೆ 7.2 ಇದ್ದದ್ದು 5.3ಕ್ಕೆ ಇಳಿಯಿತು. ಸಕ್ಕರೆ ಕಾಯಿಲೆಯ ಅತ್ತೆ, ಉಬ್ಬಸದ ತಂಗಿ, ಬೈಪಾಸ್ ಆದ ಮಾವ, ಮೂತ್ರಪಿಂಡದ ತೊಂದರೆಯ ಚಿಕ್ಕಪ್ಪ, ಇಂಥವರಿಲ್ಲದ ಮನೆ ಈಗ ಯಾವ ಊರಿನಲ್ಲಿದೆ? ಅವರ ಪಾಲಿಗೆ ಫ್ಲೂ ಒಂದು ವಾರದ ಜ್ವರವಲ್ಲ. ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದ ಹಾಗೆ.

ಪ್ರತಿವರ್ಷ ಯಾಕೆ ಹಾಕಿಸಬೇಕು, ಇದು ಕಂಪನಿಯವರ ಸಂಚಲ್ಲವೇ ಎಂದು ಕೇಳುತ್ತಾರೆ. ಫ್ಲೂ ವೈರಾಣು ವರ್ಷವರ್ಷವೂ ವೇಷ ಬದಲಿಸುತ್ತದೆ, ಲಸಿಕೆಯ ಬಲವೂ ತಿಂಗಳುಗಳಲ್ಲಿ ತಗ್ಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ, ಫೆಬ್ರುವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧ ಗೋಳಕ್ಕೆ, ಯಾವ ಬಗೆಗಳು ಇರಬೇಕೆಂದು ನಿರ್ಧರಿಸುತ್ತಾರೆ. ಭೂಪಟದಲ್ಲಿ ನಾವು ಉತ್ತರದಲ್ಲಿದ್ದರೂ ನಮ್ಮ ಕಡೆ ಫ್ಲೂ ಹೆಚ್ಚಾಗಿ ಏಳುವುದು ಮಳೆಗಾಲದಲ್ಲಿ. ಕೆಲವು ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು ಬರುತ್ತದೆ. ಆದ್ದರಿಂದ ನಾವು ಹಪ್ಪಳ ಸಂಡಿಗೆ ಒಣಗಿಸಿ, ಮಾವಿನಮಿಡಿ ಉಪ್ಪಿಗೆ ಹಾಕುವ ಏಪ್ರಿಲ್-ಮೇ ತಿಂಗಳೇ ಈ ಲಸಿಕೆಗೂ ಸರಿಯಾದ ಹೊತ್ತು. ಮಳೆಗಾಲಕ್ಕೆ ಮನೆ ಸಜ್ಜು ಮಾಡುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಊರೆಲ್ಲ ಕೆಮ್ಮಲು ಶುರುಮಾಡಿದ ಮೇಲೆ ಓಡುವುದೆಂದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

"ಸೂಜಿಯಿಂದಲೇ ಫ್ಲೂ ಬರುತ್ತದಂತೆ" ಎಂಬ ಭಯವೂ ಉಂಟು. ತೋಳಿಗೆ ಚುಚ್ಚುವ ಈ ಲಸಿಕೆಯಲ್ಲಿರುವುದು ಸತ್ತ ವೈರಾಣು. ಸತ್ತದ್ದು ಎದ್ದು ಬಂದು ಕಾಡಲಾರದು. ತೋಳು ಒಂದೆರಡು ದಿನ ನೋಯಬಹುದು, ಸಣ್ಣ ಜ್ವರ ಬರಬಹುದು. ಹಿಂದೆ ಯಾವುದಾದರೂ ಲಸಿಕೆಗೆ ಮೈ ಜೋರಾಗಿ ತಿರುಗಿಬಿದ್ದಿದ್ದರೆ ಮಾತ್ರ ವೈದ್ಯರಿಗೆ ಮೊದಲೇ ಹೇಳಬೇಕು. ನಮ್ಮ ಶುಂಠಿ ಕಷಾಯ, ದೊಡ್ಡಪತ್ರೆ ರಸಕ್ಕೆ ನಾನು ವಿರೋಧಿಯಲ್ಲ. ಗಂಟಲಿಗೆ ಹಿತ, ಮನಸ್ಸಿಗೂ ಹಿತ. ಆದರೆ ಕಷಾಯ ಕುಡಿದ ಬಸುರಿಯ ಶ್ವಾಸಕೋಶವನ್ನು ಅದು ಕಾಯುತ್ತದೆಂದು ನಂಬಿಸುವುದು ಪಾಪ. ಹಾಗೆಯೇ, ಸೂಜಿಗೆ ದುಡ್ಡು ದಂಡ ಎನ್ನುವ ಮನೆಯಲ್ಲೇ ಪ್ರತಿ ಜ್ವರಕ್ಕೂ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ಮಾತ್ರೆ ತಂದು ನುಂಗುತ್ತಾರೆ. ವೈರಾಣುವಿಗೆ ಅದು ಏನೂ ಮಾಡದು. ಆ ದುಡ್ಡು ಯಾರ ಲೆಕ್ಕಕ್ಕೆ?

ಈಗ ನನ್ನ ಅಸಲು ತಕರಾರು. ಮಧ್ಯಮ ವರ್ಗದ ಮನೆಗಳಲ್ಲಿ ಈ ಲಸಿಕೆ ಯಾರಿಗೆ ಸಿಗುತ್ತಿದೆ ನೋಡಿ. ಮಕ್ಕಳ ಡಾಕ್ಟರು ಹೇಳಿದರೆಂದು ಪುಟ್ಟ ಮಗುವಿಗೆ ಹಾಕಿಸುತ್ತಾರೆ. ಸರಿಯೇ, ಐದು ವರ್ಷದೊಳಗಿನವರಿಗೆ ಅದು ಬೇಕಾದದ್ದೇ. ಆಮೇಲೆ, ಹೊರಗೆ ಓಡಾಡುತ್ತಾರೆಂದು ಯಜಮಾನರಿಗೆ. ಅಲ್ಲಿಗೆ ದುಡ್ಡು ಮುಗಿಯುತ್ತದೆ. "ಅಮ್ಮನಿಗ್ಯಾಕೆ ಸೂಜಿ? ಅವಳು ಮನೆಯಲ್ಲೇ ಇರ್ತಾಳಲ್ಲ" ಎಂದು ಮಕ್ಕಳೂ ಹೇಳುತ್ತಾರೆ. ಅದಕ್ಕಿಂತ ಬೇಸರದ ಸಂಗತಿ, ಅಮ್ಮನೇ ಹಾಗೆ ಹೇಳುತ್ತಾಳೆ. ಮನೆಯಲ್ಲೇ ಇರುತ್ತಾಳೆ, ನಿಜ. ಆದರೆ ಹೊರಗಿನ ಜ್ವರವೆಲ್ಲ ಮನೆಗೆ ಬಂದು ಮಲಗುವುದು ಅವಳ ಮಡಿಲಲ್ಲೇ. ಕೆಮ್ಮುವ ಮಗುವಿನ ಬಾಯಿ ಒರೆಸುವವಳು ಅವಳು, ವಾಂತಿ ಬಳಿಯುವವಳು ಅವಳು, ಎಂಬತ್ತು ದಾಟಿದ ಅತ್ತೆಗೆ ಅನ್ನ ಕಲಸಿ ಬಾಯಿಗಿಡುವವಳೂ ಅದೇ ಕೈಯವಳು. ಅವಳಿಗೇ ಸಕ್ಕರೆ ಕಾಯಿಲೆಯಿದ್ದರಂತೂ ಕೇಳುವುದೇ ಬೇಡ. ಎಲ್ಲರ ತಟ್ಟೆಗೆ ಬಡಿಸಿ ಉಳಿದದ್ದನ್ನು ತಿನ್ನುವ ನಮ್ಮ ಅಭ್ಯಾಸ ಲಸಿಕೆಗೂ ಬಂದುಬಿಟ್ಟರೆ ಅದನ್ನು ತ್ಯಾಗ ಎಂದು ಹೊಗಳುವುದು ಬೇಡ. ಅದು ಮೂರ್ಖತನ.

ಹಾಗೆಂದು ಎಲ್ಲವನ್ನೂ ಮನೆಯ ಮೇಲೆ ಹಾಕಲಾರೆ. ಒಂದು ಸೂಜಿಗೆ ಸಾವಿರ ರೂಪಾಯಿಗೂ ಮೇಲೆ ಬೀಳುತ್ತದೆ. ಮನೆಗೆಲಸದ ನಮ್ಮ ಹೆಂಗಸರು, ಬೀಡಿ ಕಟ್ಟುವವರು, ಗಾರ್ಮೆಂಟ್ಸಿಗೆ ಹೋಗುವ ಬಸುರಿಯರು ಎಲ್ಲಿಂದ ತರಬೇಕು? ಗರ್ಭಿಣಿಯರಿಗೆ, ವೃದ್ಧರಿಗೆ, ದೀರ್ಘ ಕಾಯಿಲೆಯವರಿಗೆ ಈ ಲಸಿಕೆ ಒಳ್ಳೆಯದೆಂದು ಸರ್ಕಾರದ ಆರೋಗ್ಯ ಇಲಾಖೆಯೇ ಸಲಹೆ ಕೊಡುತ್ತದೆ, ಆದರೆ ಉಚಿತ ಲಸಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ಸೇರಿಸಿಲ್ಲ. ಸಲಹೆ ಅವರದು, ಬೆಲೆ ನಮ್ಮದು! ಬಸುರಿಯ ತಾಯಿ ಕಾರ್ಡಿನಲ್ಲಿ ಧನುರ್ವಾಯು ಲಸಿಕೆಗೆ ಒಂದು ಸಾಲು ಇದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ಎಷ್ಟು ಶಾಯಿ ಬೇಕು? ನಮ್ಮ ಮಹಿಳಾ ಸಮಾಜಗಳು ಅರಿಸಿನ-ಕುಂಕುಮ, ರಂಗೋಲಿ ಸ್ಪರ್ಧೆಗಳ ನಡುವೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇದೊಂದನ್ನು ಕೇಳಬಾರದೇ? ಹತ್ತು ಊರಿನವರು ಕೇಳಿದರೆ ಕೊಡುವವರೂ ಯೋಚಿಸುತ್ತಾರೆ. ಬಾಯಿಬಿಟ್ಟು ಕೇಳದವರಿಗೆ ಸರ್ಕಾರ ತಾನಾಗಿ ಏನನ್ನು ಕೊಟ್ಟಿದೆ?

ಅಲ್ಲಿಯವರೆಗೆ, ಮನೆಯ ಸಾಮಾನಿನ ಚೀಟಿ ಬರೆಯುವ ಕೈ ನಿಮ್ಮದೇ ಇದೆ. ಬರುವ ಬೇಸಿಗೆಯ ಚೀಟಿಯಲ್ಲಿ ಇದನ್ನೂ ಬರೆದುಕೊಳ್ಳಿ. ಮನೆಯಲ್ಲಿ ಬಸುರಿಯಿದ್ದರೆ ಮೊದಲು ಅವಳಿಗೆ. ಆಮೇಲೆ ವಯಸ್ಸಾದವರಿಗೆ, ಪುಟ್ಟ ಮಕ್ಕಳಿಗೆ, ಸಕ್ಕರೆ, ಉಬ್ಬಸ, ಹೃದಯದ ಕಾಯಿಲೆಯವರಿಗೆ. ಅದಾದ ಮೇಲೆ ಇವರನ್ನೆಲ್ಲ ನೋಡಿಕೊಳ್ಳುವ ನಿಮಗೆ. ಇಷ್ಟಾಗಿಯೂ ದುಡ್ಡು ಉಳಿದರೆ, ಗಟ್ಟಿಮುಟ್ಟಾಗಿರುವ ಯಜಮಾನರಿಗೂ ಧಾರಾಳವಾಗಿ ಒಂದು ಹಾಕಿಸಿ.