ತೆರೆಯ ಮೇಲಿನ ಭಾಷೆ ಯಾವುದು?

ಕೆಲವು ಕಾಲದ ಹಿಂದೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ಒಂಬತ್ತನೆಯ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತು ವಿಜ್ಞಾನದ ಪಾಠ ಕೇಳುವ ಸಂದರ್ಭ ಒದಗಿತು. ಕೋಣೆಯಲ್ಲಿ ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಬಿಳಿಯ ತೆರೆ ಎಲ್ಲವೂ ಇದ್ದವು. ಎಲೆಯೊಂದು ಬಿಸಿಲನ್ನು ಹೀರಿ ಆಹಾರ ತಯಾರಿಸುವ ಬಗೆಯನ್ನು ಚಲಿಸುವ ಚಿತ್ರಗಳು ಸೊಗಸಾಗಿ ತೋರಿಸುತ್ತಿದ್ದವು. ಆದರೆ ವಿವರಣೆ ಮಲಯಾಳದಲ್ಲಿತ್ತು. ತೆರೆ 'ಪ್ರಕಾಶಸಂಶ್ಲೇಷಣಂ' ಎಂದಿತು. ಮಕ್ಕಳ ಪುಸ್ತಕದಲ್ಲಿದ್ದುದು 'ದ್ಯುತಿಸಂಶ್ಲೇಷಣೆ'. ಅಧ್ಯಾಪಕರು ಎರಡು ನಿಮಿಷಕ್ಕೊಮ್ಮೆ ಚಿತ್ರವನ್ನು ನಿಲ್ಲಿಸಿ, ಕನ್ನಡದಲ್ಲಿ ಹೇಳಿ, ಮತ್ತೆ ಮುಂದುವರಿಸುತ್ತಿದ್ದರು. ಪಾಠ ನಡೆಯಿತು, ಆದರೆ ಕುಂಟುತ್ತ ನಡೆಯಿತು.

ತಂತ್ರಜ್ಞಾನವನ್ನು ತರಗತಿಗೆ ತರುವುದರಲ್ಲಿ ಕೇರಳ ಹಿಂದುಳಿದಿಲ್ಲ. 2001ರಲ್ಲಿ ಆರಂಭವಾದ 'ಐಟಿ ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಎಂಟರಿಂದ ಹನ್ನೆರಡರವರೆಗಿನ 45,000 ತರಗತಿ ಕೋಣೆಗಳನ್ನು ಹೈಟೆಕ್ ಆಗಿಸುವ ಕಾರ್ಯ ಅದರ ಮೂಲಕ ನಡೆಯಿತು. ಸ್ವತಂತ್ರ ತಂತ್ರಾಂಶವನ್ನು ಅವಲಂಬಿಸಿದ ಈ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತಾಂತ್ರಿಕವಾದ ಅಡ್ಡಿಯೇನೂ ಇಲ್ಲ. ಮಹಾಮಾರಿಯ ಕಾಲದಲ್ಲಿ, 2020ರ ಜೂನ್ 1ರಂದು 'ಫಸ್ಟ್ ಬೆಲ್' ತರಗತಿಗಳು ಆರಂಭವಾದ ಮೇಲೆ ಕನ್ನಡದಲ್ಲಿಯೂ ಪಾಠಗಳು ಸಿದ್ಧವಾದವು. ಮನಸ್ಸು ಮಾಡಿದರೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಕೊರತೆ ಯಂತ್ರದ್ದಲ್ಲ, ಯಂತ್ರದೊಳಗೆ ತುಂಬಬೇಕಾದ ಕನ್ನಡದ್ದು.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ನಮ್ಮ ಗಡಿನಾಡಿನ ಅನೇಕ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಅವರಿಗೆ ಕನ್ನಡ ದೊರೆಯುವುದು ಶಾಲೆಯಲ್ಲಿ. ಅದೇ ಶಾಲೆಯಲ್ಲಿ ಹಳೆಯ ಪುಸ್ತಕ ಕನ್ನಡದಲ್ಲಿದ್ದು, ಹೊಳೆಯುವ ತೆರೆ ಮಾತ್ರ ಬೇರೆ ಭಾಷೆಯಲ್ಲಿ ಮಾತನಾಡಿದರೆ ಮಗು ಯಾವ ನಿರ್ಣಯಕ್ಕೆ ಬರಬಹುದು? ಕನ್ನಡ ನಿನ್ನೆಯ ಭಾಷೆ, ನಾಳೆಯದು ಇನ್ನೊಂದು ಎಂದಲ್ಲವೇ? ಯಾರೂ ಬಾಯಿಬಿಟ್ಟು ಹೇಳದ ಈ ಪಾಠವನ್ನು ಮಗು ಎಲ್ಲಕ್ಕಿಂತ ಬೇಗ ಕಲಿಯುತ್ತದೆ.

ಇನ್ನೊಂದು ಎಚ್ಚರವೂ ಅಗತ್ಯ. ಕನ್ನಡ ಬಲ್ಲ ಅಧ್ಯಾಪಕರ ನೇಮಕಕ್ಕಾಗಿ ಇಲ್ಲಿಯ ಮಕ್ಕಳೂ ಪೋಷಕರೂ ಬೀದಿಗಿಳಿಯಬೇಕಾಗಿ ಬಂದದ್ದು ನಮಗೆಲ್ಲ ಗೊತ್ತು. ಕನ್ನಡದ ವೀಡಿಯೋ ಇದೆಯಲ್ಲ, ಕನ್ನಡದ ಅಧ್ಯಾಪಕರೇಕೆ ಎಂಬ ವಾದ ನಾಳೆ ಹುಟ್ಟಕೂಡದು. ಅಂದು ನಾನು ಕಂಡ ತರಗತಿಯಲ್ಲಿ ಪಾಠವನ್ನು ಉಳಿಸಿದ್ದು ತೆರೆಯಲ್ಲ, ಅದನ್ನು ನಿಲ್ಲಿಸಿ ಮಕ್ಕಳ ಮುಖ ನೋಡಿದ ಅಧ್ಯಾಪಕರು. ತಂತ್ರಜ್ಞಾನ ಅವರ ಕೈಗೆ ಬಲವಾಗಬೇಕೇ ಹೊರತು ಅವರ ಸ್ಥಾನಕ್ಕೆ ಬದಲಿಯಾಗಬಾರದು.

ಹಾಗಾದರೆ ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಪಾತ್ರವೇನು? ನಮ್ಮ ಓದು ಹಳಗನ್ನಡ, ಛಂದಸ್ಸು, ವ್ಯಾಕರಣಗಳಿಗೆ ಸೀಮಿತ, ಕಂಪ್ಯೂಟರ್ ಬೇರೆಯವರ ಕ್ಷೇತ್ರ ಎಂದು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ಮೊದಲನೆಯದಾಗಿ, ನಾವು ಬರೆಯುವುದೆಲ್ಲವೂ ಯುನಿಕೋಡ್‌ನಲ್ಲಿರಲಿ. ಹಳೆಯ ಫಾಂಟುಗಳಲ್ಲಿ ಅಚ್ಚಿಸಿದ ಕನ್ನಡ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ; ಅದನ್ನು ಹುಡುಕಲೂ ಆಗದು, ಯಂತ್ರದಿಂದ ಓದಿಸಲೂ ಆಗದು. ಎರಡನೆಯದಾಗಿ, ಶಾಲಾ ಪಾಠಗಳ ಪಾರಿಭಾಷಿಕ ಪದಗಳನ್ನು ಮಲಯಾಳ ಮತ್ತು ಕನ್ನಡಗಳಲ್ಲಿ ಜೊತೆಜೊತೆಯಾಗಿ ಪಟ್ಟಿಮಾಡಬಹುದು. ಎರಡೂ ಭಾಷೆ ಬಲ್ಲ ಗಡಿನಾಡಿನವರಿಗೆ ಇದು ಸಹಜವಾದ ಕೆಲಸ. ನಮ್ಮ ದ್ವಿಭಾಷಿಕತೆ ಇಲ್ಲಿ ಹೊರೆಯಲ್ಲ, ಬಂಡವಾಳ. ಮೂರನೆಯದಾಗಿ, ಪಠ್ಯದ ಪದ್ಯಗಳನ್ನು ಶುದ್ಧ ಉಚ್ಚಾರಣೆಯಲ್ಲಿ ಓದಿ ಧ್ವನಿಮುದ್ರಿಸಿ, ಹತ್ತಿರದ ಶಾಲೆಗೆ ಕೊಡಬಹುದು. ಅದಕ್ಕೆ ಕೈಯಲ್ಲಿರುವ ಮೊಬೈಲ್ ಸಾಕು.

ವಿಭಾಗದ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ಒಂದು ಪಾಠವನ್ನು ಹೀಗೆ ಸಿದ್ಧಗೊಳಿಸಿದರೂ ಪದವಿ ಮುಗಿಯುವ ವೇಳೆಗೆ ಒಂದು ಚಿಕ್ಕ ಭಂಡಾರವೇ ಆಗುತ್ತದೆ. ಸರಕಾರದಿಂದ ನಮಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಕೇಳುತ್ತಲೇ ಇರೋಣ. ಆದರೆ ಅದು ಬರುವವರೆಗೆ ಒಂಬತ್ತನೆಯ ತರಗತಿಯ ಮಗು ಕಾಯಲಾರದು. ಅದು ಮುಂದಿನ ವರ್ಷ ಹತ್ತಕ್ಕೆ ಹೋಗುತ್ತದೆ.