ಮಕ್ಕಳ ಅನ್ನದ ಹಣಕ್ಕೆ ಕೋರ್ಟಿನ ಕಟ್ಟೆ ಕಾಯಬೇಕೇ?

ಗಂಡನಿಂದ ದೂರವಾದ ತಾಯಿಯೊಬ್ಬಳು ಮಕ್ಕಳ ಹೊಟ್ಟೆಪಾಡಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ, ವರ್ಷಗಟ್ಟಲೆ ವಾಯಿದೆಗೆ ಅಲೆದು, ಕೊನೆಗೆ ತಿಂಗಳಿಗಿಷ್ಟು ಎಂದು ಜೀವನಾಂಶದ ಹುಕುಂ ಪಡೆದಳು ಎಂದುಕೊಳ್ಳೋಣ. ಕಷ್ಟ ಮುಗಿಯಿತೆಂದು ಊರವರು ತಿಳಿಯುತ್ತಾರೆ. ಅಸಲು ಕಷ್ಟ ಶುರುವಾಗುವುದೇ ಅಲ್ಲಿಂದ. ಹಣ ತರಬೇಕಾದವನು ಈ ವಾಯಿದೆಗೆ ಬರುವುದಿಲ್ಲ. ಮುಂದಿನದಕ್ಕೆ ಅರ್ಧ ತರುತ್ತಾನೆ. ಅದರ ಮುಂದಿನದಕ್ಕೆ ಅವನ ವಕೀಲರು ಕಾಲಾವಕಾಶ ಕೇಳುತ್ತಾರೆ. ಅವಳಿಗೋ ಒಂದೊಂದು ವಾಯಿದೆಯೂ ಒಂದೊಂದು ದಿನದ ಕೂಲಿ, ಮೇಲೆ ಬಸ್ ಚಾರ್ಜು. ಇಂಥ ಹಣವನ್ನು ನೇರವಾಗಿ ತಾಯಿಯ ಬ್ಯಾಂಕ್ ಖಾತೆಗೇ ಜಮೆ ಮಾಡುವುದನ್ನು ಕಡ್ಡಾಯ ಮಾಡಬೇಕೆಂಬುದು ನಮ್ಮ ವಾದ.

ಕಾನೂನು ಇಲ್ಲವೆಂದಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಹೆಂಡತಿ, ಮಕ್ಕಳು, ಮುದಿ ತಂದೆತಾಯಿಗಳ ಪೋಷಣೆಗಾಗಿಯೇ ಇತ್ತು. 2024ರ ಜುಲೈ 1ರಿಂದ ಅದೇ ಮಾತು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿ ಕೂತಿದೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಈ ಹಕ್ಕು ಉಂಟು. ಕೇಂದ್ರದ ಸಂಹಿತೆಯಲ್ಲಿ 2001ರ ತನಕ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಇಂದೂರಿನ ಶಾಬಾನೊಗೆ ಮ್ಯಾಜಿಸ್ಟ್ರೇಟರು 1979ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 25 ರೂಪಾಯಿ! ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಈಗ ಆ ಮಿತಿ ಹೋಗಿದೆ. ಕೊಡದವನ ಮೇಲೆ ವಾರಂಟು ಹೊರಡಿಸಬಹುದು, ಬಾಕಿಯ ಒಂದೊಂದು ತಿಂಗಳಿಗೂ ಒಂದು ತಿಂಗಳ ತನಕ ಜೈಲಿಗೂ ಕಳಿಸಬಹುದು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ತಾಯಿಯೇ ಮತ್ತೆ ಅರ್ಜಿ ಹಾಕಬೇಕು. ತಪ್ಪು ಅವನದು, ಓಡಾಟ ಇವಳದು.

ಮೊದಲು ಮನಿಯಾರ್ಡರಾದರೂ ಇತ್ತು. ಅಂಚೆಯವರು ನೂರಕ್ಕೆ ಐದು ರೂಪಾಯಿ ಕಮಿಷನ್ ಹಿಡಿದರೂ ರಸೀದಿ ಸಿಗುತ್ತಿತ್ತು. ಕೈಯಿಂದ ಕೈಗೆ ಹೋದ ಹಣಕ್ಕೆ ಯಾವ ಸಾಕ್ಷಿ? "ಹಬ್ಬಕ್ಕೆ ಮನೆಗೇ ಹೋಗಿ ಕೊಟ್ಟು ಬಂದಿದ್ದೇನೆ ಸ್ವಾಮಿ" ಎಂದು ಒಬ್ಬ ಹೇಳುತ್ತಾನೆ, "ಕಂಡಿಲ್ಲ" ಎಂದು ಇನ್ನೊಬ್ಬಳು. ಮ್ಯಾಜಿಸ್ಟ್ರೇಟರು ಯಾರನ್ನು ನಂಬಬೇಕು? ಪಾಸ್‌ಬುಕ್ ಇದ್ದರೆ ಈ ಜಗಳವೇ ಇಲ್ಲ. ನೆಟ್ಟಗೆ ಕೊಡುವ ತಂದೆಗೂ ಅದೇ ರಕ್ಷಣೆ. ಗಂಡಸರಾದ ನಮ್ಮ ಓದುಗರು ಇದನ್ನು ಮರೆಯಬಾರದು.

ಅಮೆರಿಕದಲ್ಲಿ ಏನಾಯಿತೆಂದು ಇಲ್ಲಿ ನೋಡುವುದು ಮೇಲು. ಬಂಡವಾಳಗಾರರ ದೇಶವೆಂದು ನಾವು ಮೂಗು ಮುರಿಯುವ ಆ ನಾಡಿನಲ್ಲಿ, ಮಕ್ಕಳ ಪೋಷಣೆಯ ಹಣ ವಸೂಲು ಮಾಡುವ ಕೆಲಸವನ್ನು ಸರಕಾರ 1975ರ ಕಾಯ್ದೆಯಿಂದ ತನ್ನ ಮೈಮೇಲೆ ಎಳೆದುಕೊಂಡಿತು. 1988ರ ಕಾಯ್ದೆ ಧಣಿಯೇ ಸಂಬಳದಲ್ಲಿ ಮುರಿದು ಕಳಿಸುವ ಏರ್ಪಾಡಿಗೆ ಬಲ ಕೊಟ್ಟಿತು. 1996ರಲ್ಲಿ ರಾಜ್ಯಕ್ಕೊಂದು ಹಂಚಿಕೆ ಕಚೇರಿ ಇರಬೇಕೆಂದಾಯಿತು: ಸಂಬಳ ಕೊಟ್ಟ ಏಳು ಕೆಲಸದ ದಿನಗಳೊಳಗೆ ಧಣಿ ಹಣ ಕಳಿಸಬೇಕು, ಕಚೇರಿ ಅದನ್ನು ಎರಡು ಕೆಲಸದ ದಿನಗಳೊಳಗೆ ತಾಯಿಗೆ ದಾಟಿಸಬೇಕು. ಮುಂದೆ ಕಾಗದದ ಚೆಕ್ಕು ಬಿಟ್ಟು ಅನೇಕ ರಾಜ್ಯಗಳು ನೇರ ಜಮೆಗೆ ಇಳಿದವು. ಬ್ಯಾಂಕ್ ಖಾತೆ ಇಲ್ಲದ ಬಡ ತಾಯಂದಿರಿಗೆ ಡೆಬಿಟ್ ಕಾರ್ಡು ಕೊಟ್ಟವು.

ಕಾರ್ಡು ಬಂತು, ಅದರ ಹಿಂದೆಯೇ ಬ್ಯಾಂಕಿನ ಕೈಯೂ ಬಂತು. ಗುತ್ತಿಗೆ ಹಿಡಿದ ಬ್ಯಾಂಕುಗಳು ಎಷ್ಟು ಹಣ ಉಳಿದಿದೆಯೆಂದು ಯಂತ್ರವನ್ನು ಕೇಳಿದ್ದಕ್ಕೆ ಶುಲ್ಕ, ಲೆಕ್ಕ ಮೀರಿ ಹಣ ತೆಗೆದರೆ ಶುಲ್ಕ, ಕೆಲವು ಕಡೆ ಕಾರ್ಡನ್ನು ಸುಮ್ಮನೆ ಇಟ್ಟರೂ ಶುಲ್ಕ ಹಾಕಿದವು. ಚೆಕ್ಕು ಬರೆದು ಅಂಚೆಗೆ ಹಾಕುವ ಖರ್ಚು ಸರಕಾರಕ್ಕೆ ಉಳಿಯಿತು. ಆ ಭಾರದ ಒಂದು ಪಾಲು ತಾಯಿಯ ತಲೆಗೆ ಬಂತು. ಇನ್ನೂ ಒಂದು ಮಾತುಂಟು. ತಾಯಿ ಸರಕಾರದ ಬಡತನದ ನೆರವು ಪಡೆಯುತ್ತಿದ್ದರೆ, ತಂದೆ ಕಟ್ಟಿದ ಹಣವನ್ನು ರಾಜ್ಯಗಳು ಪೂರ್ತಿಯಾಗಿಯೋ ಭಾಗಶಃವೋ ತಮ್ಮ ನೆರವಿನ ಬಾಬ್ತಿಗೆ ಹಿಡಿದುಕೊಳ್ಳಬಹುದು! ಮಗುವಿನ ಹೆಸರಲ್ಲಿ ವಸೂಲು, ಬೊಕ್ಕಸಕ್ಕೆ ಜಮೆ. ಅವರ ಚುರುಕನ್ನು ನಾವು ಕಲಿಯೋಣ, ಈ ಜಿಪುಣತನ ಅವರಲ್ಲೇ ಇರಲಿ.

ನಮ್ಮಲ್ಲಿ ಖಾತೆಯ ಸಮಸ್ಯೆ ದೊಡ್ಡದಲ್ಲ. 2014ರ ಆಗಸ್ಟಿನಲ್ಲಿ ಶುರುವಾದ ಜನಧನ ಖಾತೆಗಳು ಹಳ್ಳಿಹಳ್ಳಿಯಲ್ಲಿವೆ. ಕನಿಷ್ಠ ಮೊತ್ತ ಇಡಬೇಕಿಲ್ಲ, ರುಪೇ ಕಾರ್ಡೂ ಉಂಟು. 2023ರ ಆಗಸ್ಟಿನಿಂದ ನಮ್ಮ ರಾಜ್ಯ ಸರಕಾರ ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಒಂದು ಕೋಟಿಗೂ ಮಿಕ್ಕ ಹೆಂಗಸರ ಖಾತೆಗೆ ಹಾಕಿದೆ. ಕಂತು ತಡವಾದದ್ದೂ ಉಂಟು, ಆ ಮಾತು ಬೇರೆ. ಕೋಟಿ ಜನರಿಗೆ ಹಾಕಬಲ್ಲ ಸರಕಾರಕ್ಕೆ, ಜಿಲ್ಲೆಯ ಕೌಟುಂಬಿಕ ನ್ಯಾಯಾಲಯದ ಹುಕುಮಿನಂತೆ ಗಂಡನ ಸಂಬಳದಿಂದ ಮುರಿದು ಹೆಂಡತಿಯ ಖಾತೆಗೆ ದಾಟಿಸುವುದು ಅಸಾಧ್ಯವೇ?

ಇದಕ್ಕೆ ಹೊಸ ವಿದ್ಯೆ ಬೇಕಿಲ್ಲ. ಸಿಪಾಯಿಯ ಸಂಬಳದಿಂದ ಹೆಂಡತಿ ಮಕ್ಕಳ ಪೋಷಣೆಗೆ ಮುರಿಯಬಹುದೆಂದು 1950ರ ಸೈನ್ಯ ಕಾಯ್ದೆಯೇ ಹೇಳುತ್ತದೆ. ಜೀವನಾಂಶದ ಹುಕುಮನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿಯಂತೆ ಜಾರಿ ಮಾಡಬಹುದೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ, ರಜನೀಶ್ ಮತ್ತು ನೇಹಾ ಮೊಕದ್ದಮೆಯಲ್ಲಿ ಹೇಳಿತು. ಅರ್ಜಿ ಹಾಕಿದ ದಿನದಿಂದಲೇ ಹಣ ಸಲ್ಲಬೇಕೆಂದೂ ಹೇಳಿತು. ಸಾಲದ ಡಿಕ್ರಿಗೆ ಸಂಬಳದ ಮೂರರಲ್ಲಿ ಎರಡು ಪಾಲನ್ನು ಮುಟ್ಟದ ಸಿವಿಲ್ ಪ್ರಕ್ರಿಯಾ ಸಂಹಿತೆ, ಜೀವನಾಂಶದ ಡಿಕ್ರಿಗೆ ಒಂದೇ ಪಾಲನ್ನು ಬಿಡುತ್ತದೆ. ಸಾಹುಕಾರನಿಗಿಂತ ಮಗು ದೊಡ್ಡದೆಂದು ಕಾನೂನಿಗೆ ಗೊತ್ತಿದೆ. ಜಾರಿ ಮಾಡುವವರಿಗೆ ಗೊತ್ತಾಗಬೇಕು.

ಇಲ್ಲೊಂದು ತೊಡಕನ್ನು ಮುಚ್ಚಿಡುವುದು ನಮಗೆ ಸಲ್ಲದು. ಸಂಬಳದಿಂದ ಮುರಿಯುವ ಏರ್ಪಾಡು ಮೊದಲು ಹಿಡಿಯುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವ ಗಿರಣಿಯ ಕೂಲಿಕಾರನನ್ನು. ಬಾಯಿಲೆಕ್ಕದಲ್ಲಿ ವ್ಯವಹಾರ ಮಾಡುವ ಸಾಹುಕಾರ, ಮನೆ ಬಾಡಿಗೆಯನ್ನು ತಮ್ಮನ ಹೆಸರಲ್ಲಿ ಪಡೆಯುವವನು, ಇವರು ನುಣುಚಿಕೊಳ್ಳುತ್ತಾರೆ. ಅದಕ್ಕೇ ಆಸ್ತಿ ಆದಾಯಗಳ ಪ್ರಮಾಣಪತ್ರ ಎರಡೂ ಕಡೆಯವರು ಕೊಡಬೇಕೆಂದು ಅದೇ ತೀರ್ಪಿನಲ್ಲಿ ಕಟ್ಟು ಮಾಡಿದ್ದಾರೆ. ಅದನ್ನು ಬರಿಯ ಕಾಗದವಾಗಲು ಬಿಡಬಾರದು. ಸಣ್ಣ ಅಂಗಡಿಯವರ ಗಳಿಕೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದು ನಿಜ. ಆದರೆ ಸಗಟು ವ್ಯಾಪಾರಿಗೆ ವಾರದ ಬಾಕಿ ತಪ್ಪದೆ ಕಟ್ಟುವವರು ಮಗುವಿನ ಬಾಕಿಯನ್ನು ಕಡೆಗೆ ತಳ್ಳುವುದೇಕೆ? ಗಿರಣಿ ಬಾಗಿಲು ಹಾಕಿ ಕೆಲಸ ಕಳೆದುಕೊಂಡವನ ಮಾತು ಬೇರೆ. ಅವನು ಬಾಕಿ ಬೆಳೆಸಿಕೊಂಡು ತಲೆಮರೆಸಿಕೊಳ್ಳದೆ, ಮೊತ್ತವನ್ನು ಬದಲಿಸಿ ಕೊಡಿರೆಂದು ಕೂಡಲೇ ಅರ್ಜಿ ಹಾಕಬೇಕು. ಅದಕ್ಕೂ ಕಾನೂನಿನಲ್ಲಿ ದಾರಿಯಿದೆ. ಅಂಥ ಅರ್ಜಿಗೆ ಕೂಲಿಕಾರರ ಸಂಘಗಳು ನೆರವಾಗಬೇಕು.

ಖಾತೆಯ ಕಡೆಯೂ ಕಾವಲು ಬೇಕು. ಖಾತೆ ತಾಯಿಯೊಬ್ಬಳ ಹೆಸರಲ್ಲೇ ಇರಲಿ, ಜಂಟಿ ಖಾತೆ ಬೇಡ. ಕಾರ್ಡು, ಗುಪ್ತಸಂಖ್ಯೆ ಅಣ್ಣನ ಜೇಬಿನಲ್ಲಿದ್ದರೆ ಹಣವೂ ಅಲ್ಲೇ. ಮೂಲ ಉಳಿತಾಯ ಖಾತೆಯಲ್ಲಿ ತಿಂಗಳಿಗೆ ನಾಲ್ಕು ಸಲವಾದರೂ ಶುಲ್ಕವಿಲ್ಲದೆ ಹಣ ತೆಗೆಯಬಹುದು. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ, ನಾವೇ ಕೇಳಬೇಕು. ಜೀವನಾಂಶವಾಗಿ ಬಂದ ಹಣವನ್ನು ಹಳೆಯ ಸಾಲದ ಬಾಕಿಗೆ ಬ್ಯಾಂಕು ಮುರಿದುಕೊಳ್ಳಕೂಡದೆಂಬ ನಿಯಮ ಆಗಬೇಕು. ಊರ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡು, ಹಣ ತೆಗೆದುಕೊಡುವಾಗ ತಮ್ಮ ಪಾಲು ಹಿಡಿಯುವವರ ಮೇಲೂ ಕಣ್ಣಿರಬೇಕು.

ನಿಯಮ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಈಗ ಮೊಕದ್ದಮೆ ನಡೆಸುತ್ತಿರುವ ತಾಯಂದಿರು ಪಾಸ್‌ಬುಕ್ಕಿನ ಮೊದಲ ಪುಟದ ನಕಲನ್ನು ಅರ್ಜಿಯ ಜೊತೆ ಲಗತ್ತಿಸಿ, ಖಾತೆಯ ಸಂಖ್ಯೆಯನ್ನೂ ತಿಂಗಳ ಯಾವ ತಾರೀಖಿನೊಳಗೆ ಜಮೆಯಾಗಬೇಕೆಂಬುದನ್ನೂ ಹುಕುಮಿನಲ್ಲೇ ಬರೆಸಿಕೊಡಬೇಕೆಂದು ಕೇಳಲಿ. ವಕೀಲರ ಫೀಜಿಗೆ ದುಡ್ಡಿಲ್ಲದವರು ಹೆದರಬೇಕಿಲ್ಲ. 1987ರ ಕಾನೂನು ಸೇವಾ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಉಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರಾಯಿತು.