ಕೋರ್ಟ್ ಫೀ ಕಟ್ಟಲಾಗದವರಿಗೂ ದಾವೆಯ ದಾರಿ ಇದೆ

ಸಾಲದಲ್ಲಿ ಮುಳುಗಿ ಕೈಚೆಲ್ಲಿದವನನ್ನು ನಮ್ಮೂರ ಕಡೆ ‘ಪಾಪರ್ ಆಗಿಬಿಟ್ಟ’ ಅನ್ನುತ್ತಾರೆ. ಅದರಲ್ಲಿ ಕನಿಕರಕ್ಕಿಂತ ಅಪಹಾಸ್ಯವೇ ಜಾಸ್ತಿ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಬಡ ದಾವೆದಾರನಿಗೆ ಇದೇ ಹೆಸರಿತ್ತು. 1976ರ ತಿದ್ದುಪಡಿ ಅದನ್ನು ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂದು ಮಾಡಿತು. ಹೆಸರೇನೋ ಬದಲಾಯಿತು, ಆದರೆ ಆ ಸೌಲಭ್ಯ ಕೇಳಲು ಜನರಿಗೆ ಇರುವ ಮುಜುಗರ ಹಾಗೇ ಇದೆ.

ಇದು ಕೆಲಸ ಹುಡುಕುವ ನಮ್ಮ ವಯಸ್ಸಿನವರಿಗೆ ಸಂಬಂಧಿಸಿದ್ದಲ್ಲ ಅನ್ನಿಸಬಹುದು. ನನ್ನ ದೊಡ್ಡಮ್ಮನ ಮಗ ಡಿಪ್ಲೊಮಾ ಮುಗಿಸಿ ಒಬ್ಬ ಗುತ್ತಿಗೆದಾರರ ಬಳಿ ಸೈಟ್ ಸೂಪರ್‌ವೈಸರ್ ಆಗಿದ್ದ. ತಿಂಗಳಿಗೆ 25 ಸಾವಿರ ಸಂಬಳ. ‘ಬಿಲ್ ಪಾಸಾಗಲಿ, ಒಟ್ಟಿಗೆ ಕೊಡ್ತೀನಿ’ ಎನ್ನುತ್ತಲೇ ಒಂದು ವರ್ಷದ ಸಂಬಳ ಬಾಕಿ ಉಳಿಯಿತು. ಮೂರು ಲಕ್ಷ. ವಕೀಲರ ಹತ್ತಿರ ಹೋದಾಗ ಅವರು ಮೊದಲು ಹೇಳಿದ್ದೇ ಕೋರ್ಟ್ ಫೀ ಲೆಕ್ಕ: ಇಪ್ಪತ್ತು ಸಾವಿರ ದಾಟುತ್ತದೆ. ಸಂಬಳವೇ ಬಾರದವನು ಸಂಬಳ ಕೇಳಲು ಇಪ್ಪತ್ತು ಸಾವಿರ ಎಲ್ಲಿಂದ ತರಬೇಕು?

ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಕಾಯ್ದೆ 1958ರದು. ಹಣ ವಸೂಲಿ ದಾವೆಗೆ ಅದರ ದರಪಟ್ಟಿಯನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 75 ಸಾವಿರದಿಂದ ಎರಡೂವರೆ ಲಕ್ಷದವರೆಗಿನ ಭಾಗಕ್ಕೆ ಶೇ 7, ಅಲ್ಲಿಂದ ಐದು ಲಕ್ಷದವರೆಗೆ ಶೇ 6.5. ಹತ್ತು ಲಕ್ಷ ದಾಟಿದ ಭಾಗಕ್ಕೆ ಅದಕ್ಕಿಂತಲೂ ಕಡಿಮೆ. ಆದಾಯ ತೆರಿಗೆಯಲ್ಲಿ ದುಡ್ಡು ಹೆಚ್ಚಿದಂತೆ ದರ ಏರುತ್ತದೆ, ಇಲ್ಲಿ ಇಳಿಯುತ್ತದೆ. ಸಣ್ಣ ಮೊತ್ತಕ್ಕೆ ಹೊಡೆದಾಡುವವನ ಮೇಲೆಯೇ ಭಾರ ಜಾಸ್ತಿ. ಸರ್ಕಾರ ಮೊದಲು ಸರಿಪಡಿಸಬೇಕಾದದ್ದು ಇದನ್ನು ಎಂದು ನನ್ನ ಅಭಿಪ್ರಾಯ.

ಕಟ್ಟಲಾಗದವರಿಗೆ ಸಂಹಿತೆಯ 33ನೇ ಆದೇಶ ಇದೆ. ದಾವೆಯ ವಿವರದ ಜೊತೆ ತನ್ನ ಎಲ್ಲ ಚರ, ಸ್ಥಿರ ಆಸ್ತಿಯ ಪಟ್ಟಿ, ಅಂದಾಜು ಬೆಲೆ ಬರೆದು ಅರ್ಜಿದಾರ ಸಾಮಾನ್ಯವಾಗಿ ಖುದ್ದು ಹಾಜರಾಗಿ ಅರ್ಜಿ ಕೊಡಬೇಕು. ಉಡುವ ಬಟ್ಟೆ, ಅಡುಗೆ ಪಾತ್ರೆ, ಕಸುಬಿನ ಸಲಕರಣೆ, ಮಾಂಗಲ್ಯ ಇಂಥ ಜಪ್ತಿಗೆ ಬಾರದ ವಸ್ತುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾವೆ ಯಾವ ಆಸ್ತಿಯ ಮೇಲಿದೆಯೋ ಅದನ್ನೂ ಹಿಡಿಯುವುದಿಲ್ಲ. ಆದರೆ ಪಿತ್ರಾರ್ಜಿತ ಜಮೀನಿನಲ್ಲಿ ಪಾಲಿದ್ದರೆ ಬರೆಯಲೇಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಅರ್ಜಿ ಬಿದ್ದುಹೋಗುವುದೇ ಹೆಚ್ಚು. ಅರ್ಜಿಗೆ ಮುಂಚಿನ ಎರಡು ತಿಂಗಳಲ್ಲಿ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೂ ಅಷ್ಟೇ. ಎದುರು ಪಕ್ಷಕ್ಕೂ ಸರ್ಕಾರಿ ವಕೀಲರಿಗೂ ನೋಟಿಸ್ ಹೋಗಿ, ವಿಚಾರಣೆ ನಡೆದು, ಒಪ್ಪಿಗೆ ಸಿಕ್ಕಮೇಲೆಯೇ ಅದು ದಾವೆಯಾಗಿ ನೋಂದಣಿಯಾಗುತ್ತದೆ. ವಕೀಲರಿಲ್ಲದಿದ್ದರೆ ಕೋರ್ಟೇ ನೇಮಿಸಬಹುದು.

ಬಹಳಷ್ಟು ಜನ ಇದನ್ನು ಶುಲ್ಕ ಮನ್ನಾ ಎಂದುಕೊಂಡಿದ್ದಾರೆ. ಮನ್ನಾ ಅಲ್ಲ, ಮುಂದೂಡಿಕೆ. ಗೆದ್ದರೆ ಡಿಕ್ರಿಯಲ್ಲಿ ಯಾರು ಕೊಡಬೇಕೆಂದು ಕೋರ್ಟ್ ಹೇಳುತ್ತದೋ ಅವರಿಂದ ಸರ್ಕಾರ ವಸೂಲಿ ಮಾಡುತ್ತದೆ. ಸೋತರೆ ನಾವೇ ಕಟ್ಟಬೇಕು, ಭೂಕಂದಾಯದ ಬಾಕಿಯಂತೆ ವಸೂಲಿಯಾಗುತ್ತದೆ. ಹಾಗಾಗಿ ಕೈಯಲ್ಲಿ ಗಟ್ಟಿ ದಾಖಲೆ ಇಲ್ಲದೆ, ಹೇಗೂ ಪುಕ್ಕಟೆ ಎಂದು ಇಳಿಯುವುದು ಜಾಣತನವಲ್ಲ.

ಯಾರು ನಿರ್ಗತಿಕರು ಎಂಬ ಪ್ರಶ್ನೆಗೆ 2024ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ನೆನಪಿಡುವಂಥದ್ದು. ರಸ್ತೆ ಅಪಘಾತದಲ್ಲಿ ಗಾಯಗೊಂಡ ಗುಜರಾತಿನ ಮಹಿಳೆಯೊಬ್ಬರಿಗೆ ನ್ಯಾಯಮಂಡಳಿ ಎರಡು ಲಕ್ಷಕ್ಕೂ ಹೆಚ್ಚು ಪರಿಹಾರ ಘೋಷಿಸಿತ್ತು. ಇನ್ನೂ ಹೆಚ್ಚು ಕೇಳಿ ನಿರ್ಗತಿಕರಾಗಿ ಮೇಲ್ಮನವಿ ಹೋದಾಗ, ಪರಿಹಾರ ಬಂದಿದೆಯಲ್ಲ ಎಂದು ಹೈಕೋರ್ಟ್ ಒಪ್ಪಲಿಲ್ಲ. ಆ ದುಡ್ಡು ಅವರ ಕೈಸೇರಿಯೇ ಇರಲಿಲ್ಲ. ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಕಾಗದದ ಮೇಲಿನ ಹಣದಿಂದ ಶುಲ್ಕ ಕಟ್ಟಲಾಗದು ಎಂಬ ಸರಳ ಸತ್ಯಕ್ಕೆ ದೆಹಲಿವರೆಗೆ ಹೋಗಬೇಕಾಯಿತು!

ಇನ್ನೊಂದು ದಾರಿ ಸುಲಭ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕಿನಲ್ಲಿ ಸಮಿತಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಆದಾಯ ಮಿತಿ ಇದೆ. ಆ ನೆರವಿನಲ್ಲಿ ವಕೀಲರಷ್ಟೇ ಅಲ್ಲ, ಕೋರ್ಟ್ ಫೀ ಕೂಡ ಸೇರಿದೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೂ ಹೋಗಬಹುದು, ಅಲ್ಲಿ ಶುಲ್ಕವೇ ಇಲ್ಲ. ಎದುರಿನವರು ರಾಜಿಗೆ ಬರಬೇಕು ಅಷ್ಟೇ.

ಅಣ್ಣ ಈ ಕಚೇರಿಗೆ ಹೋಗಲು ಎಂಟು ತಿಂಗಳು ಹಿಂಜರಿದ. ‘ಅದು ತೀರಾ ಇಲ್ಲದವರಿಗೆ ಕಣೋ’ ಅನ್ನುತ್ತಿದ್ದ. ಬಾಕಿ ಹಣಕ್ಕೆ ದಾವೆ ಹೂಡಲು ಇರುವ ಗಡುವು ಮೂರು ವರ್ಷ, ಅದು ಯಾರ ಮುಜುಗರಕ್ಕೂ ಕಾಯುವುದಿಲ್ಲ. ಅನುಮತಿ ಸಿಕ್ಕರೆ ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದ ದಿನವಾಗುತ್ತದೆ ಎಂದು ಹೇಳಿದ ಮೇಲೆ ಒಪ್ಪಿದ. ಈಗ ಹಾಜರಾತಿ ಪುಸ್ತಕದ ಫೋಟೊಗಳು, ಗುತ್ತಿಗೆದಾರರ ವಾಟ್ಸ್‌ಆ್ಯಪ್ ಸಂದೇಶಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ತಿಂಗಳವಾರು ಜೋಡಿಸುತ್ತಾ ಕೂತಿದ್ದಾನೆ.